ಗಾಳಿ ಇರಲಿ

ಗದಗಿನವರಿಗೆ ಗಾಳಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಪ್ಪತಗುಡ್ಡದ ಕಡೆಯಿಂದ ಬೀಸಿತೆಂದರೆ ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಅಂಥ ಊರಿನಲ್ಲಿ, ಗಾಳಿಯೇ ಆಡದ ಜಾಗಕ್ಕೆಂದು ಔಷಧ ಮಾಡುವವರಿದ್ದರು ಎಂದರೆ ಹೊಸಬರು ನಗುತ್ತಿದ್ದರು. ಆ ಜಾಗ ಇರುವುದು ಮನುಷ್ಯನ ಮೈಯೊಳಗೇ ಎಂದು ತಿಳಿದಾಗ ಸುಮ್ಮನಾಗುತ್ತಿದ್ದರು.

ಕ್ಯಾನ್ಸರ್ ಗಂಟಿಗೆ ಹೊಟ್ಟೆಬಾಕತನ ಹೆಚ್ಚು, ಮುಂದಾಲೋಚನೆ ಕಡಿಮೆ. ರಕ್ತನಾಳಗಳು ಬೆಳೆದು ಬರುವ ಮೊದಲೇ ತಾನು ಬೆಳೆದುಬಿಡುತ್ತದೆ. ಹಾಗಾಗಿ ಅದರ ನಟ್ಟನಡುವಿನ ಕೋಶಗಳಿಗೆ ಆಮ್ಲಜನಕ ತಲುಪುವುದಿಲ್ಲ. ಉಸಿರು ಕಟ್ಟಿದ ಆ ಕೋಶಗಳು ಸತ್ತಾದರೂ ಹೋಗುತ್ತವೆಯೇ ಎಂದರೆ ಅದೂ ಇಲ್ಲ, ಅರೆಜೀವವಾಗಿ ಬಿದ್ದುಕೊಂಡಿರುತ್ತವೆ. ವಿಕಿರಣಕ್ಕೆ ಬಗ್ಗುವುದಿಲ್ಲ, ಸಾಮಾನ್ಯ ಔಷಧ ಅಲ್ಲಿಯವರೆಗೆ ಹೋಗುವುದಿಲ್ಲ. ಹೊರಗಿನದನ್ನೆಲ್ಲ ಸುಟ್ಟು, ಕೊಯ್ದು, ಗೆದ್ದೆವೆಂದು ವೈದ್ಯರು ಕೈ ತೊಳೆದುಕೊಂಡ ಮೇಲೆ ಇವು ಎದ್ದು ಮತ್ತೆ ಸಂಸಾರ ಹೂಡುತ್ತವೆ.

ಇವುಗಳಿಗೆಂದೇ ಒಂದು ಸಂಯುಕ್ತ ಇದ್ದರೆ? ರಕ್ತದಲ್ಲಿ ಹರಿಯುವಾಗ ನಿದ್ದೆ ಮಾಡುತ್ತ ಹೋಗಿ, ಗಾಳಿಯಿಲ್ಲದ ಕೋಶ ಸಿಕ್ಕಾಗ ಮಾತ್ರ ಎಚ್ಚರಗೊಂಡು ವಿಷವಾಗುವಂಥದ್ದು? ಈ ಕತೆಯ ಕಾಲಕ್ಕೆ ಅದು ಬರೀ ಪ್ರಶ್ನೆಯಾಗಿ ಉಳಿದಿರಲಿಲ್ಲ. ಐದು ಪರಮಾಣುಗಳ ಒಂದು ಉಂಗುರ, ಅದಕ್ಕೊಂದು ನೈಟ್ರೋ ಗುಂಪು, ಹಿಂದೆ ವಿಷ ಹೊತ್ತ ಒಂದು ಬಾಲ. ಕೋಶದೊಳಗೆ ಆ ನೈಟ್ರೋ ಗುಂಪಿಗೆ ಒಂದು ಇಲೆಕ್ಟ್ರಾನ್ ಸಿಕ್ಕಿದರೆ ಸಂಯುಕ್ತ ಎಚ್ಚರಗೊಳ್ಳತೊಡಗುತ್ತದೆ. ಪಕ್ಕದಲ್ಲಿ ಆಮ್ಲಜನಕ ಇದ್ದರೆ ಅದು ಆ ಇಲೆಕ್ಟ್ರಾನನ್ನು ಕಸಿದುಕೊಂಡು, ಕಣ್ಣುಬಿಟ್ಟ ಕೂಸನ್ನು ಅಜ್ಜಿ ತಟ್ಟಿ ಮಲಗಿಸುವಂತೆ, ಮತ್ತೆ ಮಲಗಿಸಿಬಿಡುತ್ತದೆ. ಆಮ್ಲಜನಕವೇ ಇಲ್ಲದ ಕಡೆ ತಟ್ಟುವವರು ಯಾರು? ಅಲ್ಲಿ ಒಂದರ ಹಿಂದೊಂದು ಇಲೆಕ್ಟ್ರಾನ್ ಸೇರಿ ಉಂಗುರ ಒಡೆಯುತ್ತದೆ, ಬಾಲದ ವಿಷ ಅಲ್ಲೇ ಸುರಿಯುತ್ತದೆ.

ಆದರೆ ಒಬ್ಬರ ಗಂಟಿನ ಹಾಗೆ ಇನ್ನೊಬ್ಬರ ಗಂಟು ಇರುವುದಿಲ್ಲ. ಅದಕ್ಕೇ ಪ್ರತಿ ರೋಗಿಯ ಗಂಟಿನಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಆಮ್ಲಜನಕ ಇದೆ ಎಂದು ನಕ್ಷೆ ತೆಗೆದು, ಅವರಿಗೇ ಹೊಂದುವ ಬಾಲ ಜೋಡಿಸಿ ಔಷಧ ಮಾಡಬೇಕು. ಒಂದು ಸೀಸೆಗೆ ಹತ್ತೊಂಬತ್ತು ದಿನ. ಜಿಲ್ಲೆಗೊಂದರಂತೆ ಇಂಥ ಪ್ರಯೋಗಾಲಯ ತೆರೆದಿದ್ದರು. ಸರಕಾರ ಅದಕ್ಕೆ ಇಟ್ಟ ಉದ್ದ ಹೆಸರು ಫಲಕದ ಮೇಲಿತ್ತು. ಜನ ಮಾತ್ರ ‘ಮದ್ದಿನಮನಿ’ ಎನ್ನುತ್ತಿದ್ದರು.

ಗದಗಿನ ಮದ್ದಿನಮನೆಯ ಹಿರಿಯ ರಸಾಯನಜ್ಞ ಮೌನೇಶ ಪತ್ತಾರ. ವಯಸ್ಸು ಐವತ್ನಾಲ್ಕು. ಅಜ್ಜ, ಅಪ್ಪ ಇಬ್ಬರೂ ಲಕ್ಷ್ಮೇಶ್ವರದಲ್ಲಿ ಬಂಗಾರದ ಕೆಲಸದವರು, ಗುಲಗಂಜಿ ತೂಕಕ್ಕೆ ಉಸಿರು ಹಿಡಿದು ಕೂರುವ ಮಂದಿ. ಆ ಕೈ ಮೊಮ್ಮಗನಿಗೂ ಬಂದಿತ್ತು. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಸೀಸೆಯೂ ಕೆಟ್ಟಿರಲಿಲ್ಲ. “ಗಾಳಿ ಹೊರಗ, ಮದ್ದು ಒಳಗ” ಎಂಬುದು ಅವನು ಶಿಷ್ಯರಿಗೆ ಹೇಳುತ್ತಿದ್ದ ಮೊದಲ ಪಾಠ. ಅರ್ಥ ಇಷ್ಟೇ: ತಯಾರಾದ ಸಂಯುಕ್ತದ ಸುತ್ತಲಿನ ಗಾಳಿ ತೆಗೆದು ನೈಟ್ರೋಜನ್ ತುಂಬಿಡಬೇಕು, ಇಲ್ಲದಿದ್ದರೆ ಗಾಳಿ ತಾಗಿ ಕೆಡುತ್ತದೆ. ಅಲ್ಲಿಯವರೆಗೆ ಮಾಡಿದ ಎಲ್ಲ ಬಾಲಗಳಿಗೂ ಆ ಪಾಠ ಸರಿಯಾಗಿಯೇ ಇತ್ತು.

ಅವನ ಹೆಂಡತಿ ಕಸ್ತೂರಿ ಊರಿನ ಹಳೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ಯಂತ್ರಗಳು ತಿದ್ದಿ ಕಳಿಸಿದ್ದರಲ್ಲೂ ತಪ್ಪು ಹುಡುಕಿ ಕೆಂಪು ಗೆರೆ ಎಳೆಯುತ್ತಿದ್ದಳು. ಮಕ್ಕಳಿರಲಿಲ್ಲ. ಅದರ ದುಃಖ ಒಂದು ಕಾಲಕ್ಕೆ ಇತ್ತು, ಆಮೇಲೆ ಇಬ್ಬರೂ ಅವರವರ ಕೆಲಸದಲ್ಲಿ ಮುಳುಗಿ ಅದನ್ನು ಮಾತಾಡುವುದನ್ನೇ ಬಿಟ್ಟಿದ್ದರು. ಆ ವರ್ಷ ಯುಗಾದಿ ಕಳೆದ ಮೇಲೆ ಅವಳಿಗೆ ಬೆನ್ನುನೋವು ಶುರುವಾಯಿತು. ಕರಡಿನ ಮೇಲೆ ಬಗ್ಗಿ ಬಗ್ಗಿ ಬಂದದ್ದು ಎಂದುಕೊಂಡರು. ಎರಡು ತಿಂಗಳಾದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಅರಕೇರಿ ಪರದೆಯ ಮೇಲೆ ಚಿತ್ರ ತೋರಿಸಿದರು: ಮೇದೋಜೀರಕ ಗ್ರಂಥಿಯಲ್ಲಿ ಗಂಟು, ನಡುವೆ ಕಪ್ಪು. ಕಪ್ಪು ಎಂದರೆ ಆಮ್ಲಜನಕ ಇಲ್ಲದ ಜಾಗ.

“ಗಂಟಿಗೂ ಈ ದೊಡ್ಡ ರಕ್ತನಾಳಕ್ಕೂ ನಡುವೆ ನಾಲ್ಕು ಮಿಲಿಮೀಟರ್ ಜಾಗ ಐತಿ,” ಎಂದರು ಅರಕೇರಿ. “ಮೊದಲ ಮದ್ದು ಕೊಟ್ಟು ಒಳಗಿನ ಕಪ್ಪು ಕೊಲ್ಲಬೇಕು. ಆಮ್ಯಾಲ ಗಂಟು ಕುಗ್ಗತೈತಿ, ಕೊಯ್ದು ತೆಗೀತೀವಿ. ಆದ್ರ ಗಂಟು ಹೋಗಿ ನಾಳಕ್ಕ ಹತ್ತಿಬಿಟ್ರ ಕೊಯ್ಯಾಕ ಬರೂದಿಲ್ಲ. ನಾ ಸುಳ್ಳು ಹೇಳಂಗಿಲ್ಲ, ಕೊಯ್ಯದಿದ್ರ ವರ್ಷ ಕಳ್ಯೂದು ಕಷ್ಟ.”

ಮನೆಗೆ ಬರುವ ದಾರಿಯಲ್ಲಿ ಕಸ್ತೂರಿ ಮಂಡಕ್ಕಿಯ ಗಿರಮಿಟ್ ಬೇಕೆಂದಳು. ಮೌನೇಶನಿಗೆ ಸಿಟ್ಟು ಬಂತು.

“ಈಗ ಗಿರಮಿಟ್ ತಿನ್ನೂ ಹೊತ್ತೇನ?”

“ಮತ್ತ ಯಾವ ಹೊತ್ತಿಗೆ ತಿನ್ನಲಿ? ನಾಲ್ಕು ಮಿಲಿಮೀಟರ್ ಐತಂತಲ್ಲ, ಅದರಾಗ ಒಂದು ಪ್ಲೇಟ್ ಹಿಡೀತೈತಿ ತಗೋರಿ.”

ಅವನು ನಗಲಿಲ್ಲ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅವಳು ತಿನ್ನುವುದನ್ನೇ ನೋಡಿದ. ಇವಳಿಲ್ಲದ ಮನೆಗೆ ಕೀಲಿ ತೆಗೆದು ಒಳಗೆ ಹೋಗುವುದು ಹೇಗಿರುತ್ತದೆ ಎಂದು ಯೋಚಿಸಿದ.

ಮದ್ದಿನಮನೆಯಲ್ಲಿ ಒಂದು ನಿಯಮ ಕಟ್ಟುನಿಟ್ಟಾಗಿತ್ತು. ಸ್ವಂತದವರ ಔಷಧವನ್ನು ಯಾರೂ ಮಾಡುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಪ್ರೀತಿಗೆ ಕೈ ನಡುಗುತ್ತದೆ ಎಂಬುದು ಅದರ ಹಿಂದಿನ ವಿಚಾರ. ಆ ನಿಯಮ ಬರೆದ ಸಮಿತಿಯಲ್ಲಿ ಮೌನೇಶನೂ ಇದ್ದ. ಕಸ್ತೂರಿಯ ಕೆಲಸ ಹಸೀನಾ ನದಾಫಳ ಪಾಲಿಗೆ ಬಂತು. ಹಸೀನಾ ಅವನ ಶಿಷ್ಯೆ. ಮೂವತ್ತನಾಲ್ಕರ ಹೆಣ್ಣುಮಗಳು, ಮಾತು ಕಡಿಮೆ, ಕೈ ಚುರುಕು. ಹತ್ತು ವರ್ಷ ಅವನ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದ್ದಳು. ಆದರೂ ಅವನ ಕಣ್ಣಿಗೆ ಅವಳು ಇನ್ನೂ ಮೊದಲ ದಿನ ಫ್ಲಾಸ್ಕ್ ಒಡೆದು ಅತ್ತ ಹುಡುಗಿಯೇ.

ಕಸ್ತೂರಿಯ ನಕ್ಷೆಗೆ ಹಳೆಯ ಬಾಲ ಯಾವುದೂ ಹೊಂದಲಿಲ್ಲ. ಹಸೀನಾ ಹೊಸದೊಂದನ್ನು ರೂಪಿಸಿದಳು. ಮೌನೇಶ ದಿನಾ ಅವಳ ಕೋಣೆಯ ಗಾಜಿನ ಬಾಗಿಲ ಹೊರಗೆ ನಿಂತು ನೋಡುತ್ತಿದ್ದ. ಎಂಟನೆಯ ದಿನ ಉಂಗುರ ಕೂಡಿತು. ಹದಿನಾಲ್ಕನೆಯ ದಿನ ಪಲ್ಲಾಡಿಯಮ್ ಲೋಹದ ಪುಡಿ ಹಾಕಿ ಬಾಲ ಜೋಡಿಸಿದಳು, ಪುಡಿ ಸೋಸಿ ತೆಗೆದಳು. ಹದಿನೇಳನೆಯ ದಿನ ನಿಂಬೆಹಣ್ಣಿನ ಬಣ್ಣದ ದ್ರಾವಣ ತಂಪು ಪೆಟ್ಟಿಗೆಯೊಳಗೆ ಕೂತಿತು. ಇನ್ನು ಎರಡು ದಿನ ಬೀಗ ಹಾಕಿದ ಕೋಣೆಯಲ್ಲಿ, ಯಾರೂ ಮುಟ್ಟದಂತೆ, ತಣ್ಣಗೆ ನಿಲ್ಲಬೇಕು, ಆಮೇಲೆ ಪರೀಕ್ಷೆ, ಆಮೇಲೆ ಆಸ್ಪತ್ರೆಗೆ.

ಅವತ್ತು ಹಸೀನಾ ಊಟಕ್ಕೆ ಹೋದಾಗ ಮೌನೇಶ ತನ್ನ ಬಳಿಯಿದ್ದ ಕೀಲಿಯಿಂದ ಕೋಣೆಯ ಬಾಗಿಲು ತೆಗೆದ. ಒಮ್ಮೆ ಕಣ್ಣಾರೆ ಕಾಣಬೇಕು ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಪೆಟ್ಟಿಗೆಯ ಪಕ್ಕದ ಹಿತ್ತಾಳೆ ನಲ್ಲಿ ‘ಗಾಳಿ’ ಎಂಬ ಕಡೆಗೆ ತಿರುಗಿತ್ತು. ಮೇಲೆ ಹಸೀನಾಳ ದುಂಡು ಅಕ್ಷರದ ಚೀಟಿ: ‘ಗಾಳಿ ಇರಲಿ.’

ಹತ್ತು ವರ್ಷ ಕಲಿಸಿದ್ದು ಇದೇನಾ? ಗಾಳಿಯಲ್ಲಿ ಎರಡು ದಿನ! ಹುಡುಗಿ ಎಲ್ಲೋ ತಪ್ಪಿದ್ದಾಳೆ. ಕೇಳೋಣವೆಂದರೆ, ಒಳಗೆ ಯಾಕೆ ಬಂದಿರಿ ಎಂಬ ಮಾತು ಬರುತ್ತದೆ; ಸಮಿತಿ, ವಿಚಾರಣೆ, ಸೀಸೆಯೇ ರದ್ದಾಗಬಹುದು. ಕೇಳದಿದ್ದರೆ ಕಸ್ತೂರಿಯ ಮದ್ದು ಕಣ್ಣೆದುರೇ ಹಾಳಾಗುತ್ತದೆ. ಬಂಗಾರದವನ ಮೊಮ್ಮಗ ಮೂಸೆ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವವನಲ್ಲ. ನಲ್ಲಿಯನ್ನು ನೈಟ್ರೋಜನ್ ಕಡೆಗೆ ತಿರುಗಿಸಿದ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮತ್ತೆ ಗಾಳಿಯ ಕಡೆಗೆ ತಿರುಗಿಸಿಟ್ಟ. ಮಬ್ಬುಗಾಜಿನ ಪೆಟ್ಟಿಗೆಯ ಒಳಗೆ ಇಣುಕುವ ಗೋಜಿಗೆ ಹೋಗಲಿಲ್ಲ. ಯಾರಿಗೂ ಗೊತ್ತಾಗದಂತೆ ಹೆಂಡತಿಯ ಜೀವ ಉಳಿಸಿದೆ ಎಂಬ ಸಮಾಧಾನದಲ್ಲಿ ಕ್ಯಾಂಟೀನಿಗೆ ಹೋಗಿ ಎರಡು ಕಪ್ ಚಹಾ ಕುಡಿದ.

ಹತ್ತು ಗಂಟೆಗೆ ಹಸೀನಾ ಪೆಟ್ಟಿಗೆ ತೆರೆದಳು. ನಿಂಬೆ ಬಣ್ಣ ಹೋಗಿ ದ್ರಾವಣ ಕಂದಾಗಿತ್ತು. ಪರೀಕ್ಷೆಯ ಯಂತ್ರ ಹೇಳಿದ್ದೂ ಅದನ್ನೇ: ಮುಕ್ಕಾಲು ಪಾಲು ಸಂಯುಕ್ತ ಸೀಸೆಯಲ್ಲೇ ಎಚ್ಚರಗೊಂಡು ಒಡೆದುಹೋಗಿದೆ. ಬರೀ ವಿಷ. ಅದನ್ನು ಯಾರ ನರಕ್ಕೂ ಹತ್ತಿಸುವಂತಿರಲಿಲ್ಲ.

ಹಸೀನಾ ಸೀಸೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಗಾಜಿನಾಚೆ ನಿಂತಿದ್ದ ಮೌನೇಶನ ಹತ್ತಿರ ಬಂದಳು.

“ಸರ್, ನನ್ನ ಕಡೆಯಿಂದ ಎಲ್ಲೋ ತಪ್ಪಾಗೈತ್ರಿ. ಎಲ್ಲಿ ಅಂತ ತಿಳೀವಲ್ದು. ಕಸ್ತೂರಿ ಅಕ್ಕಾರಿಗೆ ನಾ ಹೆಂಗ ಮುಖ ತೋರಸಲಿ?”

ಮೌನೇಶ “ಆಗತೈತಿ, ಆಗತೈತಿ” ಎಂದೇನೋ ಗೊಣಗಿ ಮನೆಯ ದಾರಿ ಹಿಡಿದ. ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡ. ನಲ್ಲಿ ತಿರುಗಿಸಿದ್ದರಿಂದಲೇ ಹೀಗಾಯಿತು ಎಂಬುದು ಅವನಿಗೆ ತಿಳಿದಿತ್ತು, ಹೇಗೆ ಎಂಬುದಷ್ಟೇ ಹೊಳೆಯದೆ ಉಳಿದಿತ್ತು.

ಕಸ್ತೂರಿ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕರಡು ನೋಡುತ್ತಿದ್ದಳು. ಅವನು ಚಪ್ಪಲಿ ಬಿಡುವಷ್ಟರಲ್ಲೇ ಕೆಂಪು ಪೆನ್ನು ಕೆಳಗಿಟ್ಟಳು.

“ಏನಾತು?”

“ಏನೂ ಇಲ್ಲ. ಮದ್ದು ಸ್ವಲ್ಪ ತಡ ಆಗತೈತಂತ.”

“ಎಷ್ಟು?”

“ಹತ್ತೊಂಬತ್ತು ದಿನ.”

“ಹೊಸದಾಗಿ ಮಾಡಬೇಕೇನು ಹಂಗಾದ್ರ?” ಅವಳು ಅವನ ಮುಖವನ್ನೇ ನೋಡಿದಳು. “ಮೂವತ್ತು ವರ್ಷ ತಪ್ಪು ಹುಡುಕೇ ಹೊಟ್ಟಿ ಹೊರದೀನಿ. ನಿಮ್ಮ ಮಾರಿ ಮ್ಯಾಲಿಂದು ನನಗ ಕಾಣೂದಿಲ್ಲೇನು? ಹೇಳ್ರಿ.”

ಅವನು ಹೇಳಿದ. ಕೀಲಿ, ನಲ್ಲಿ, ಚೀಟಿ, ಎಲ್ಲ. ಹೇಳುತ್ತ ಹೇಳುತ್ತ ಅವಳ ಕಾಲ ಬಳಿ ಕುಸಿದು ಕೂತ. “ನಿನ್ನ ನಾನ ಕೊಂದಂಗ ಆತು, ಕಸ್ತೂರಿ,” ಎಂದು ದನಿ ತೆಗೆದು ಅತ್ತ. ಮದುವೆಯಾದಂದಿನಿಂದ ಅವನು ಅವಳೆದುರು ಹಾಗೆ ಅತ್ತದ್ದೇ ಇಲ್ಲ.

ಕಸ್ತೂರಿಗೆ ಭಯವಾಗಿತ್ತು, ಸಿಟ್ಟೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಕೇಳಿದಳು.

“ಹಸೀನಾಗ ಹೇಳೀರೇನು?”

“ಇಲ್ಲ.”

“ಅಯ್ಯ ನಿಮ್ಮ! ಆ ಹುಡುಗಿ ತನ್ನದ ತಪ್ಪು ಅಂತ ತಿಳಕೊಂಡು ಅಲ್ಲಿ ಸಾಯಾಕ ಹತ್ತಿರತಾಳ. ಮೊದಲ ಎದ್ದು ಹೋಗಿ ಆಕಿಗೆ ಹೇಳ್ರಿ. ತನ್ನ ತಪ್ಪು ಎಲ್ಲೈತಿ ಅಂತ ಹುಡುಕಿಕೋತ ಕುಂತ್ರ ಹೊಸಾದು ಯಾವಾಗ ಸುರು ಮಾಡಬೇಕ ಆಕಿ? ನಡೀರಿ, ಅಳೂದು ಬಂದ ಮ್ಯಾಲೂ ಅಳಾಕ ಬರತೈತಿ.”

ಮೌನೇಶ ಬಂದ ಕಾಲಲ್ಲೇ ತಿರುಗಿ ಹೋದ. ಹಸೀನಾ ಆಗಲೇ ತನ್ನ ಟಿಪ್ಪಣಿಗಳನ್ನೆಲ್ಲ ಹರವಿಕೊಂಡು ಮೊದಲ ದಿನದಿಂದ ತಪ್ಪು ಹುಡುಕುತ್ತಿದ್ದಳು. ಕಸ್ತೂರಿ ಅಂದಂತೆಯೇ ಆಗಿತ್ತು. ಅವನು ನಿಂತುಕೊಂಡೇ ಎಲ್ಲ ಹೇಳಿ ಮುಗಿಸಿದ. ಅವಳು ಕುರ್ಚಿಯಿಂದ ಎದ್ದಳು. ಹತ್ತು ವರ್ಷದಲ್ಲಿ ಅವನ ಮುಂದೆ ಏರದ ದನಿ ಅವತ್ತು ಏರಿತು.

“ಒಂದ ಮಾತು ಕೇಳಬಹುದಾಗಿತ್ತಲ್ರೀ, ಸರ್! ಸುಮ್ನ ಬರದೀನೇನ್ರಿ ನಾ ಆ ಚೀಟಿ? ಎಷ್ಟ ಸೋಸಿದ್ರೂ ಪಲ್ಲಾಡಿಯಮ್ ಧೂಳು ಒಂದೀಟು ಉಳೀತೈತಿ. ಹಳೇ ಬಾಲಕ್ಕ ಅದು ಏನೂ ಮಾಡೂದಿಲ್ಲ. ಈ ಬಾಲಕ್ಕ ಅದ ಇಲೆಕ್ಟ್ರಾನ್ ಕೊಡತೈತಿ. ಗಾಳಿ ಇದ್ರ ಆಮ್ಲಜನಕ ಅದನ್ನ ಮಲಗಿಸಿಕೋತ ಇರತೈತಿ. ನೀವು ಗಾಳಿ ತಗದ್ರಿ. ಸೀಸೇನ ಗಂಟು ಅಂತ ತಿಳಕೊಂಡು ಎದ್ದಬಿಟ್ಟೈತಿ ಅದು.”

ಇಪ್ಪತ್ತು ವರ್ಷ ಗಾಳಿಯಿಲ್ಲದ ಜಾಗದ ಬಗ್ಗೆಯೇ ಯೋಚಿಸಿದವನು ತನ್ನ ಕೈಯಾರೆ ಅಂಥದೊಂದು ಜಾಗ ಸೃಷ್ಟಿಸಿ ಅದರಲ್ಲಿ ಮದ್ದು ಇಟ್ಟಿದ್ದ. ಎಷ್ಟು ಸರಳ! ಒಂದು ಮಾತು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು.

“ತಪ್ಪು ನಂದು. ಬರದು ಕೊಡ್ತೀನಿ,” ಎಂದ.

“ಬರದು ಕೊಡ್ರಿ,” ಎಂದಳು ಹಸೀನಾ. ಕಣ್ಣೊರೆಸಿಕೊಂಡು ಹೊಸ ಫ್ಲಾಸ್ಕ್ ತೊಳೆಯಲು ತಿರುಗಿದಳು. “ಮೊದಲು ಕೀಲಿ ಆ ಮೇಜಿನ ಮ್ಯಾಲ ಇಟ್ಟು ಹೋಗ್ರಿ.”

ಸಮಿತಿ ಅವನನ್ನು ಆರು ತಿಂಗಳು ಹೊರಗಿಟ್ಟಿತು. ಮೌನೇಶ ಒಂದು ಮಾತೂ ವಾದಿಸಲಿಲ್ಲ.

ಹೀಗೆ ಅವನು ಮನೆಯಲ್ಲಿ ಕೂತ. ಒಂದು ಗ್ರಾಮನ್ನು ಸಾವಿರ ಪಾಲು ಮಾಡಿ ತೂಗುವವನಿಗೆ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ತಿಳಿಯುತ್ತಿರಲಿಲ್ಲ. “ಒಂದು ಚಿಟಿಕಿ” ಎಂದು ಕಸ್ತೂರಿ ಅಂದರೆ “ಎಷ್ಟು ಮಿಲಿಗ್ರಾಂ?” ಎಂದು ಕೇಳುವ ಆಸಾಮಿ. ಮೊದಲ ವಾರದ ಸಾರನ್ನು ಅವಳು ಕಣ್ಣು ಮುಚ್ಚಿ ನುಂಗಿದಳು. ಎರಡನೆಯ ವಾರ ರೊಟ್ಟಿ ತಟ್ಟಲು ಹೋಗಿ ಅಂಗೈ ಸುಟ್ಟುಕೊಂಡ. ಅವಳಿಗೆ ಕಣ್ಣು ದಣಿದಾಗ ಕರಡನ್ನು ಗಟ್ಟಿಯಾಗಿ ಓದಿ ಹೇಳತೊಡಗಿದ. ಅವಳು ಕೇಳಿಯೇ ತಪ್ಪು ಹಿಡಿಯುತ್ತಿದ್ದಳು. ಮಧ್ಯಾಹ್ನ ಬೆನ್ನಿಗೆ ಬಿಸಿನೀರಿನ ಚೀಲ ಇಡುವುದು ಅವನ ಪಾಲಿನ ಕೆಲಸವಾಯಿತು. ಮುದ್ರಣಾಲಯದ ಗೆಳತಿಯರು ಬಂದರೆ ಚಹಾ ಮಾಡಿಕೊಟ್ಟು, ಅವರ ಹರಟೆ ಮುಗಿಯುವ ತನಕ ಒಳಗೆ ಪಾತ್ರೆ ತಿಕ್ಕುತ್ತಿದ್ದ.

“ಇಷ್ಟ ದಿನ ಎಲ್ಲಿ ಇದ್ರಿ ನೀವು?” ಎಂದು ಒಂದು ದಿನ ಅವಳು ಕೇಳಿದಳು. ಕುಹಕವಾಗಿರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ನಾಟಿತು.

“ನನ್ನ ಮ್ಯಾಲ ಸಿಟ್ಟಿಲ್ಲೇನ ನಿನಗ?” ಎಂದ.

“ಐತಿ. ಯಾಕ ಇರಬಾರದು? ನನ್ನ ಜೀವ ಅದು.” ದಿಂಬು ಸರಿಮಾಡಿಕೊಂಡು ಮುಂದುವರಿಸಿದಳು. “ಆದ್ರ ನಾ ಇಷ್ಟು ಪುಸ್ತಕ ನೋಡೀನಿ, ತಪ್ಪಿಲ್ಲದ ಒಂದೂ ಅಚ್ಚಾಗಿಲ್ಲ. ಅದಕ್ಕ ಪುಸ್ತಕ ಹರದು ಒಗೀತಾರೇನು? ಓದ್ರಿ, ಮುಂದಿನ ಪುಟ ಓದ್ರಿ.”

ಹೊಸ ಸೀಸೆ ಶುರುವಾದ ಹದಿನೆಂಟನೆಯ ದಿನ ಮತ್ತೆ ಚಿತ್ರ ತೆಗೆದರು. ನಾಲ್ಕು ಮಿಲಿಮೀಟರ್ ಇದ್ದ ಜಾಗ ಒಂದೂವರೆಗೆ ಇಳಿದಿತ್ತು. ಅರಕೇರಿ ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯವರಲ್ಲ. “ಮದ್ದು ಪೂರ್ತಿ ಹತ್ತಿದ್ರ ಗಂಟು ಹಿಂದ ಸರಿತೈತಿ, ಕೊಯ್ತೀವಿ. ಅರ್ಧ ಹತ್ತಿದ್ರ ಇಲ್ಲ. ಇನ್ನೊಂದು ಸೀಸೆಗೆ ಕಾಯೂವಷ್ಟು ಜಾಗ ಉಳದಿಲ್ಲ,” ಎಂದರು.

ಮರುದಿನ ಹಸೀನಾಳ ಸೀಸೆ ಬಂತು. ನಿಂಬೆ ಬಣ್ಣ, ತಿಳಿಯಾಗಿತ್ತು.

ಕಸ್ತೂರಿಯನ್ನು ಕಮಾನಿನಂಥ ಯಂತ್ರದ ಕೆಳಗೆ ಮಲಗಿಸಿದರು. ಎಚ್ಚರಗೊಂಡ ಪ್ರತಿ ಅಣುವೂ ಒಂದು ಸುಳಿವು ಬಿಡುವಂತೆ ಬಾಲದಲ್ಲೇ ಗುರುತು ಇರುತ್ತದೆ. ಕಮಾನು ಆ ಸುಳಿವನ್ನು ಹಿಡಿದು ಪಕ್ಕದ ಕೋಣೆಯ ಪರದೆಗೆ ಕಳಿಸುತ್ತದೆ. ಸುಮಾರು ನಲವತ್ತು ನಿಮಿಷಕ್ಕೆ ಗಂಟಿನ ಕಪ್ಪು ನಡುವಿನಲ್ಲಿ ಬೆಳಕು ಮೂಡಬೇಕು. ಮೂಡಿದರೆ ಮದ್ದು ಹತ್ತಿತೆಂದು ಅರ್ಥ. ಹೊಸ ಬಾಲವೊಂದು ಮೊದಲ ಸಲ ಎಚ್ಚರಗೊಳ್ಳುವುದನ್ನು ನೋಡಲು ಮೌನೇಶ ಎಷ್ಟೋ ವರ್ಷದಿಂದ ಕಾದಿದ್ದ.

ಅವನನ್ನು ಪರದೆಯ ಕೋಣೆಗೆ ಬಿಡಬೇಕೆಂದು ಸಮಿತಿಯನ್ನು ಕೇಳಿದ್ದವಳು ಹಸೀನಾಳೇ. “ಮುಟ್ಟಂಗಿಲ್ಲ ಅಷ್ಟ. ನೋಡಾಕ ಏನಡ್ಡಿ?” ಎಂದಿದ್ದಳಂತೆ. ಹಾಸಿಗೆಯ ಪಕ್ಕ ಮನೆಯವರೊಬ್ಬರಿಗೆ ಕುರ್ಚಿ ಇತ್ತು. “ನೀವು ಅಲ್ಲೇ ಹೋಗಿ ನೋಡ್ರಿ, ಇಲ್ಲಿ ಕುಂತು ಏನು ಮಾಡ್ತೀರಿ?” ಎಂದು ಕಸ್ತೂರಿ ಅವನನ್ನು ಕಳಿಸಿದ್ದಳು.

ಮೂವತ್ತು ನಿಮಿಷವಾಯಿತು. ಪರದೆಯ ಮೇಲೆ ಗಂಟಿನ ಅಂಚು ಬೂದು, ನಡುವೆ ಕಪ್ಪು. ಮೌನೇಶ ರೆಪ್ಪೆ ಮುಚ್ಚದೆ ನೋಡುತ್ತಿದ್ದ. ಮೂವತ್ತೆರಡು. ಒಮ್ಮೆ ಕತ್ತೆತ್ತಿ ಎರಡು ಕೋಣೆಗಳ ನಡುವಿನ ಗಾಜಿನಾಚೆ ನೋಡಿದ. ಕಸ್ತೂರಿ ಚಾವಣಿ ನೋಡುತ್ತ ಮಲಗಿದ್ದಳು, ಮುಖ ಶಾಂತವಾಗಿತ್ತು. ಆದರೆ ಅವಳ ಎಡಗೈ ಹಾಸಿಗೆಯ ಚಾದರವನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಪಕ್ಕದ ಕುರ್ಚಿ ಖಾಲಿ ಇತ್ತು. ಬೇಡ ಹೋಗಿ ಎಂದವಳು ಹೆದರಿದ್ದಾಳೆ ಎಂದು ಅವನಿಗೆ ಆಗ ತಿಳಿಯಿತು.

ಎದ್ದುಬಿಟ್ಟ.

“ಸರ್, ಎಲ್ಲಿಗ್ರೀ? ಇನ್ನ ಏಳೆಂಟು ನಿಮಿಷ ಅಷ್ಟ ಐತ್ರಿ!” ಎಂದಳು ಹಸೀನಾ.

“ನೀ ನೋಡ,” ಎಂದು ಹೊರಗೆ ನಡೆದ.

ಕುರ್ಚಿ ಎಳೆದು ಕೂತು ಅವಳ ಕೈ ಹಿಡಿದುಕೊಂಡ. ತಣ್ಣಗಿತ್ತು. ಕಸ್ತೂರಿ ತಲೆ ತಿರುಗಿಸಿದಳು.

“ಆತೇನು? ಬೆಳಕು ಬಂತೇನು?”

“ನೋಡಿಲ್ಲ.”

“ನೋಡದ ಬಂದ್ರೇನು? ಹುಚ್ಚರು ನೀವು,” ಎಂದಳು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. “ನನಗ ಅಂಜಿಕಿ ಆಗೈತ್ರಿ,” ಎಂದಳು ಸಣ್ಣ ದನಿಯಲ್ಲಿ.

“ನನಗೂ ಆಗೈತಿ.”

ಯಂತ್ರ ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಲವತ್ತು ನಿಮಿಷ ದಾಟಿತು. ನಲವತ್ತೈದು ಆಯಿತು. ಗಾಜಿನ ಕಡೆ ತಿರುಗಿ ನೋಡಬೇಕೆಂದು ಮೌನೇಶನ ಕತ್ತು ಎಳೆಯುತ್ತಿತ್ತು. ನೋಡಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಹಸೀನಾಳ ದುಪಟ್ಟಾ ಹೆಗಲಿನಿಂದ ಜಾರಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ.

“ಹತ್ತೈತ್ರಿ, ಅಕ್ಕಾರ! ಪೂರ್ತಿ ಹತ್ತೈತ್ರಿ! ಒಂದ ಚೂರೂ ಕಪ್ಪು ಉಳದಿಲ್ಲ, ಡಾಕ್ಟರ್ ಕೊಯ್ಯೂ ದಿನ ಬರದಾರ!”

ಕಸ್ತೂರಿಯ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಒಂದು ಕೈಗೆ ಸೂಜಿ, ಇನ್ನೊಂದು ಅವನ ಕೈಯಲ್ಲಿ. ಅವನೇ ಒರೆಸಿದ.

“ಹೋಗ್ರಿ ಇನ್ನ, ಹೋಗಿ ಕಣ್ಣಾರೆ ನೋಡ್ಕೊಂಡು ಬರ್ರಿ,” ಎಂದಳು. “ಆಮ್ಯಾಲ ನಂದು ನೋಡೂದು ತಪ್ಪಿತು ಅಂತ ಜನ್ಮಪೂರ್ತಿ ಹೇಳಿಕೋತ ಕುಂದ್ರಬ್ಯಾಡ್ರಿ.”

ಮೌನೇಶ ಬಾಗಿಲಲ್ಲಿ ನಿಂತ ಹಸೀನಾಳ ಮುಖ ನೋಡಿದ.

“ಹಸೀನಾ ನೋಡ್ಯಾಳಲ್ಲ,” ಎಂದ. “ಅಷ್ಟ ಸಾಕು.”